ದೇಹಕ್ಕೆ ಹೊಂದುವಂತೆ ತೂಕ ಇಳಿಸಿಕೊಳ್ಳುವ ಕ್ರಮ: ಸೋಲೂರು ಸುತ್ತಮುತ್ತಲಿನ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ನೆಲಮಂಗಲ ಮತ್ತು ಕುಣಿಗಲ್ ನಡುವೆ ಬರುವ ಸೋಲೂರು ಮಾಗಡಿ ಸೀಮೆಗೆ ಸೇರಿದ ಊರು. ರಾಗಿ, ಅವರೆ, ಹುರುಳಿ ಈ ಸೀಮೆಯ ಮುಖ್ಯ ಬೆಳೆಗಳು. ಮುದ್ದೆ, ಬಸ್ಸಾರು, ಮಸ್ಸೊಪ್ಪು ಇಲ್ಲಿನ ದಿನನಿತ್ಯದ ಊಟ. ಒಂದು ತಲೆಮಾರಿನ ಹಿಂದೆ ಈ ಊಟವನ್ನು ಉಂಡವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು ಹಾಗೂ ಬಹುಪಾಲು ಕಾಲ್ನಡಿಗೆಯಲ್ಲಿಯೇ ಸಂಚರಿಸುತ್ತಿದ್ದರು. ಇಂದು ಅನೇಕರು ನೆಲಮಂಗಲ, ದಾಬಸ್‌ಪೇಟೆ, ಪೀಣ್ಯ ಕಡೆಯ ಕಾರ್ಖಾನೆ ಮತ್ತು ಕಚೇರಿಗಳಿಗೆ ಬಸ್ಸು ಅಥವಾ ದ್ವಿಚಕ್ರ ವಾಹನದಲ್ಲಿ ಹೋಗಿ, ಕುಳಿತು ಅಥವಾ ನಿಂತಲ್ಲಿಯೇ ನಿಂತು ಕೆಲಸ ಮಾಡಿ ಬರುತ್ತಾರೆ. ದುಡಿಮೆಯ ರೀತಿ ಬದಲಾದರೂ ತಟ್ಟೆಯ ಅಳತೆ ಹಿಂದಿನಂತೆಯೇ ಉಳಿದಿದೆ. ಅದರ ಜೊತೆಗೆ ಬೇಕರಿ ತಿನಿಸು, ಕರಿದ ಪದಾರ್ಥ ಮತ್ತು ಸಕ್ಕರೆ ಪಾನೀಯಗಳು ಸೇರಿಕೊಂಡಿವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ. 23.3 ಇದ್ದುದು 2019–21ರಲ್ಲಿ ಶೇ. 30.1ಕ್ಕೆ ಏರಿದೆ. ಪುರುಷರಲ್ಲಿ ಇದು ಶೇ. 22.1ರಿಂದ ಶೇ. 30.9ಕ್ಕೆ ಹೆಚ್ಚಿದೆ. ಇದೇ ಸಮೀಕ್ಷೆಯಲ್ಲಿ (2019–21) ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ತೂಕ ಹೆಚ್ಚಿರುವ ವ್ಯಕ್ತಿಯಲ್ಲಿಯೂ ಪೋಷಣೆಯ ಕೊರತೆ ಇರಬಹುದು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಆದ್ದರಿಂದ ಊಟವನ್ನೇ ಬಿಟ್ಟು ತೂಕ ಇಳಿಸುವ ಕ್ರಮವು ಒಂದು ತೊಂದರೆಯನ್ನು ಕಡಿಮೆ ಮಾಡಲು ಹೋಗಿ ಮತ್ತೊಂದನ್ನು ಹೆಚ್ಚಿಸುತ್ತದೆ.

ಮನೆಯ ಊಟವನ್ನು ಕೈಬಿಡದೆ, ಅದರ ಅಳತೆ ಮತ್ತು ಹೊಂದಾಣಿಕೆಯನ್ನು ಬದಲಿಸಿ, ನಿಧಾನವಾಗಿ ತೂಕ ಇಳಿಸಿಕೊಳ್ಳುವ ವಿಧಾನವನ್ನೂ ಇದಕ್ಕೆ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ದೊರೆಯುವ ಸೇವೆಗಳನ್ನೂ ಇಲ್ಲಿ ವಿವರಿಸಲಾಗಿದೆ.

2. ತೂಕ ಇಳಿಸುವ ಅಗತ್ಯವಿದೆಯೇ ಎಂದು ತಿಳಿಯುವ ಬಗೆ

ತೂಕ ಇಳಿಸಲು ಆರಂಭಿಸುವ ಮುನ್ನ ಎರಡು ಅಳತೆಗಳನ್ನು ತಿಳಿದುಕೊಳ್ಳತಕ್ಕದ್ದು.

ಅ) ದೇಹದ್ರವ್ಯ ಸೂಚ್ಯಂಕ (ಬಿ.ಎಂ.ಐ.): ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರ್‌ಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಈ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, 155 ಸೆಂ.ಮೀ. ಎತ್ತರ ಮತ್ತು 68 ಕೆ.ಜಿ. ತೂಕ ಇರುವ ಮಹಿಳೆಯ ಸೂಚ್ಯಂಕ 68 ÷ (1.55 × 1.55) = 28.3. ಭಾರತೀಯರಿಗೆ 18.5ರಿಂದ 22.9 ಆರೋಗ್ಯಕರ ಮಟ್ಟ. ಸೂಚ್ಯಂಕವು 23 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಎಚ್ಚರಿಕೆ ವಹಿಸಬೇಕು. 25 ಮತ್ತು ಅದಕ್ಕಿಂತ ಹೆಚ್ಚಿದ್ದಲ್ಲಿ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ಮಿತಿಗಳು ಕ್ರಮವಾಗಿ 25 ಮತ್ತು 30. ಅಷ್ಟೇ ತೂಕಕ್ಕೆ ಭಾರತೀಯರ ಹೊಟ್ಟೆಯ ಭಾಗದಲ್ಲಿ ಕೊಬ್ಬು ಹೆಚ್ಚು ಶೇಖರವಾಗುವುದರಿಂದಲೂ, ಮಧುಮೇಹವು ಕಡಿಮೆ ತೂಕದಲ್ಲಿಯೇ ಕಾಣಿಸಿಕೊಳ್ಳುವುದರಿಂದಲೂ ಇಲ್ಲಿ ಮಿತಿಯನ್ನು ತಗ್ಗಿಸಲಾಗಿದೆ.

ಆ) ಸೊಂಟದ ಸುತ್ತಳತೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ಭಾಗದ ನಡುವೆ ಟೇಪನ್ನು ಸುತ್ತಿ, ಉಸಿರನ್ನು ಸಹಜವಾಗಿ ಹೊರಬಿಟ್ಟು ಅಳೆಯಬೇಕು. ಬೆಲ್ಟ್ ಅಥವಾ ಸೀರೆ ಕಟ್ಟುವ ಜಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ್ದಲ್ಲಿ ಮಧುಮೇಹ, ರಕ್ತದೊತ್ತಡ ಮತ್ತು ಹೃದಯದ ಕಾಯಿಲೆಗಳ ಅಪಾಯ ಹೆಚ್ಚು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರಲ್ಲಿ ಸೂಚ್ಯಂಕಕ್ಕಿಂತ ಈ ಅಳತೆಯೇ ಹೆಚ್ಚು ನಂಬಲರ್ಹವಾದುದು. ಹೊಲದ ಕೆಲಸ ಅಥವಾ ಮೂಟೆ ಹೊರುವ ಕೆಲಸ ಮಾಡುವವರ ತೂಕದಲ್ಲಿ ಮಾಂಸಖಂಡದ ಪಾಲು ಹೆಚ್ಚಿರಬಹುದಾದ್ದರಿಂದ ಅವರಿಗೂ ಇದೇ ಅನ್ವಯಿಸುತ್ತದೆ.

3. ಯಾವ ವೇಗದಲ್ಲಿ ಇಳಿಸಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗಸಂಸ್ಥೆಯಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಗಳನ್ನು ಹೊರಡಿಸಿದ್ದು, ಇವುಗಳನ್ನು 2024ರಲ್ಲಿ ಪರಿಷ್ಕರಿಸಲಾಗಿದೆ. ಇದರಂತೆ ವಾರಕ್ಕೆ ಅರ್ಧ ಕೆ.ಜಿ.ಯಷ್ಟು ತೂಕ ಇಳಿಸುವುದು ಸುರಕ್ಷಿತ. ದಿನದ ಆಹಾರವು 1000 ಕಿಲೋಕ್ಯಾಲರಿಗಿಂತ ಕಡಿಮೆಯಾಗಕೂಡದು.

ಮೊದಲ ಗುರಿಯನ್ನು ಈಗಿರುವ ತೂಕದ ಶೇ. 5ರಷ್ಟಕ್ಕೆ ಇಟ್ಟುಕೊಳ್ಳುವುದು ಸೂಕ್ತ. ಮೇಲಿನ ಉದಾಹರಣೆಯಲ್ಲಿ ಇದು 3.4 ಕೆ.ಜಿ. ಆಗುತ್ತದೆ. ವಾರಕ್ಕೆ ಅರ್ಧ ಕೆ.ಜಿ.ಯಂತೆ ಸುಮಾರು 7 ವಾರಗಳು, ವೇಗ ಅದರ ಅರ್ಧದಷ್ಟಿದ್ದರೆ ಸುಮಾರು 14 ವಾರಗಳು ಬೇಕಾಗುತ್ತವೆ. ಎರಡೂ ಸರಿಯಾದ ವೇಗಗಳೇ. ಶೇ. 5ರಿಂದ 10ರಷ್ಟು ತೂಕ ಇಳಿದರೆ ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಮೊಣಕಾಲು ನೋವಿನಲ್ಲಿ ಸುಧಾರಣೆ ಕಂಡುಬರುತ್ತದೆ. ಇಪ್ಪತ್ತು ವರ್ಷದ ವಯಸ್ಸಿನಲ್ಲಿದ್ದ ತೂಕಕ್ಕೆ ಮರಳಲೇಬೇಕೆಂಬ ನಿಯಮವಿಲ್ಲ.

ಅತಿ ವೇಗವಾಗಿ ತೂಕ ಇಳಿಸಿದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಕಡಿಮೆಯಾದಂತೆ ದೇಹವು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯೂ ತಗ್ಗುತ್ತದೆ. ಆನಂತರ ಮೊದಲಿನಂತೆ ಊಟ ಮಾಡಿದರೆ ಇಳಿದ ತೂಕ ಮರಳಿ ಬರುತ್ತದೆ. ಆದರೆ ಬರುವುದು ಹೆಚ್ಚಾಗಿ ಕೊಬ್ಬಿನ ರೂಪದಲ್ಲಿ. ಪಿತ್ತಕೋಶದ ಕಲ್ಲು, ಕೂದಲು ಉದುರುವಿಕೆ ಮತ್ತು ನಿಶ್ಶಕ್ತಿ ಅತಿ ವೇಗದ ಇತರ ಪರಿಣಾಮಗಳು.

4. ಶಕ್ತಿಯ ಜಮಾ–ಖರ್ಚು

ದೇಹದ ತೂಕವನ್ನು ಮನೆಯ ಆಯವ್ಯಯಕ್ಕೆ ಹೋಲಿಸಬಹುದು. ತಿಂದ ಆಹಾರದಿಂದ ಬರುವ ಶಕ್ತಿ ಜಮಾ. ಉಸಿರಾಟ, ಜೀರ್ಣಕ್ರಿಯೆ, ದುಡಿಮೆಗೆ ವ್ಯಯವಾಗುವ ಶಕ್ತಿ ಖರ್ಚು. ಉಳಿತಾಯವು ಕೊಬ್ಬಿನ ರೂಪದಲ್ಲಿ ಸಂಗ್ರಹವಾಗುತ್ತದೆ. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7700 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ಹಾಗಾಗಿ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಕೊರತೆಯಾದರೆ ಆರಂಭದ ವಾರಗಳಲ್ಲಿ ವಾರಕ್ಕೆ ಅರ್ಧ ಕೆ.ಜಿ.ಯಷ್ಟು ತೂಕ ಇಳಿಯುತ್ತದೆ.

ಈ ಕೊರತೆಯನ್ನು ಒಂದೇ ಹೊತ್ತಿನ ಊಟ ಬಿಟ್ಟು ತುಂಬಿಸಬೇಕಾಗಿಲ್ಲ. ಈ ಭಾಗದ ಸಾಮಾನ್ಯ ದಿನಚರಿಯಲ್ಲಿಯೇ ಹಲವು ಕಡೆ ಅಲ್ಪಸ್ವಲ್ಪ ಕಡಿತ ಮಾಡಬಹುದು. ಉದಾಹರಣೆಗೆ:

• ರಾತ್ರಿಯ ಮುದ್ದೆಗೆ 150 ಗ್ರಾಂ ಹಿಟ್ಟಿನ ಬದಲು 100 ಗ್ರಾಂ ಹಿಟ್ಟು: ಸುಮಾರು 160 ಕಿಲೋಕ್ಯಾಲರಿ ಉಳಿತಾಯ
• ದಿನಕ್ಕೆ ನಾಲ್ಕು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ. ಇದರ ಬದಲು ಎರಡು ಲೋಟ, ಲೋಟಕ್ಕೆ ಒಂದು ಚಮಚ: ಸಕ್ಕರೆಯಿಂದಲೇ ಸುಮಾರು 120 ಕಿಲೋಕ್ಯಾಲರಿ ಉಳಿತಾಯ
• ಒಗ್ಗರಣೆ ಮತ್ತು ಪಲ್ಯದಲ್ಲಿ ಒಬ್ಬರ ಪಾಲಿಗೆ ಮೂರು ಟೀ ಚಮಚ ಎಣ್ಣೆ ಕಡಿಮೆ: ಸುಮಾರು 135 ಕಿಲೋಕ್ಯಾಲರಿ ಉಳಿತಾಯ
• ದಿನಕ್ಕೆ 30 ನಿಮಿಷ ಚುರುಕಿನ ನಡಿಗೆ: ಸುಮಾರು 100 ಕಿಲೋಕ್ಯಾಲರಿ ಖರ್ಚು

ಒಟ್ಟು: ಸುಮಾರು 515 ಕಿಲೋಕ್ಯಾಲರಿ.

ಇದು ಮಾದರಿ ಲೆಕ್ಕ ಮಾತ್ರ. ಟೀಗೆ ಸಕ್ಕರೆ ಹಾಕಿಕೊಳ್ಳದವರು ಅಥವಾ ಈಗಾಗಲೇ ಎಣ್ಣೆ ಕಡಿಮೆ ಬಳಸುವವರು ತಮ್ಮ ಹೆಚ್ಚುವರಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಒಂದು ವಾರ ತಿಂದದ್ದೆಲ್ಲವನ್ನೂ ಬರೆದಿಟ್ಟು ಕಂಡುಕೊಳ್ಳಬಹುದು. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ತಿನ್ನುವುದು, ಅಡುಗೆ ಮಾಡುವಾಗ ರುಚಿ ನೋಡುವುದು, ಬಸ್ ನಿಲ್ದಾಣದಲ್ಲಿ ತಿನ್ನುವ ಬನ್ನು, ಪಫ್ ಮುಂತಾದವನ್ನೂ ಬರೆಯತಕ್ಕದ್ದು. ಮದ್ಯಪಾನದಿಂದಲೂ ಪ್ರತಿ ಗ್ರಾಂ ಆಲ್ಕೋಹಾಲ್‌ಗೆ 7 ಕಿಲೋಕ್ಯಾಲರಿ ಜಮೆಯಾಗುತ್ತದೆ.

ಕೆಲವು ವಾರಗಳ ನಂತರ ತೂಕ ಇಳಿಯುವ ವೇಗ ತಗ್ಗುವುದು ಸಹಜ. ಹಗುರವಾದ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ ಎಂಬುದೇ ಇದಕ್ಕೆ ಕಾರಣ. ಈ ಹಂತದಲ್ಲಿ ಊಟವನ್ನು ಮತ್ತಷ್ಟು ಕಡಿತಗೊಳಿಸುವ ಬದಲು ನಡಿಗೆಯ ಅವಧಿಯನ್ನು ಹೆಚ್ಚಿಸುವುದು ಉತ್ತಮ.

5. ಮುದ್ದೆ, ಅನ್ನ ಮತ್ತು ಚಪಾತಿ

ತೂಕ ಇಳಿಸಲು ಮುದ್ದೆ ಬಿಟ್ಟು ಚಪಾತಿ ತಿನ್ನಬೇಕೆಂಬ ಅಭಿಪ್ರಾಯವೂ, ಮುದ್ದೆಯನ್ನು ಎಷ್ಟು ತಿಂದರೂ ತೂಕ ಏರುವುದಿಲ್ಲವೆಂಬ ಅಭಿಪ್ರಾಯವೂ ಜನರಲ್ಲಿವೆ. ಇವೆರಡೂ ಸರಿಯಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕಗಳಂತೆ 100 ಗ್ರಾಂ ರಾಗಿಯಲ್ಲಿಯೂ 100 ಗ್ರಾಂ ಗೋಧಿ ಹಿಟ್ಟಿನಲ್ಲಿಯೂ ಸುಮಾರು 320 ಕಿಲೋಕ್ಯಾಲರಿ ಇರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 356. ಚಪಾತಿಗೆ ಎಣ್ಣೆ ಹಾಕಿ ಬೇಯಿಸಿದರೆ ಅದರ ಶಕ್ತಿ ಮುದ್ದೆಯನ್ನು ಮೀರುತ್ತದೆ.

ರಾಗಿಯ ವಿಶೇಷ ಇರುವುದು ಬೇರೆಡೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವೂ ಸುಮಾರು 364 ಮಿಲಿಗ್ರಾಂ ಸುಣ್ಣದಂಶವೂ ಇವೆ. ಅಷ್ಟೇ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಸುಣ್ಣದಂಶ 10 ಮಿಲಿಗ್ರಾಂಗಿಂತ ಕಡಿಮೆ. ನಾರು ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಊಟ ಕಡಿಮೆ ಮಾಡುವ ಅವಧಿಯಲ್ಲಿ ಮೂಳೆಗಳಿಗೆ ಸುಣ್ಣದಂಶ ದೊರೆಯುವುದು, ವಿಶೇಷವಾಗಿ ಮಹಿಳೆಯರಿಗೆ, ಅತ್ಯಗತ್ಯ. ಆದ್ದರಿಂದ ಈ ಭಾಗದವರು ಮುದ್ದೆಯನ್ನು ಬಿಡುವ ಅಗತ್ಯವಿಲ್ಲ. ಹಿಟ್ಟನ್ನು ಅಳೆದು ಹಾಕುವ ಅಭ್ಯಾಸ ಮಾಡಿಕೊಂಡರೆ ಸಾಕು. ಮುದ್ದೆಯ ನಂತರ ರೂಢಿಯಂತೆ ಅನ್ನವನ್ನೂ ಬಡಿಸಿಕೊಳ್ಳುವವರು ಅದನ್ನು ಮುದ್ದೆಯ ಲೆಕ್ಕಕ್ಕೇ ಸೇರಿಸತಕ್ಕದ್ದು. ಮಧುಮೇಹ ಇರುವವರಲ್ಲಿ ಮುದ್ದೆಯೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಳತೆ ಮೀರದಂತೆ, ಕಾಳು ಮತ್ತು ಸೊಪ್ಪಿನೊಡನೆ ಸೇವಿಸಬೇಕು.

6. ತಟ್ಟೆಯ ಹೊಂದಾಣಿಕೆ

ಪರಿಷ್ಕೃತ ಮಾರ್ಗಸೂಚಿಯು 2000 ಕಿಲೋಕ್ಯಾಲರಿಯ ದಿನದ ಆಹಾರಕ್ಕೆ ಈ ಪ್ರಮಾಣಗಳನ್ನು ಸೂಚಿಸಿದೆ: ಏಕದಳ ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮಾಂಸ 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಬೀಜಗಳು 35 ಗ್ರಾಂ, ಎಣ್ಣೆ ಮತ್ತು ಕೊಬ್ಬು 27 ಗ್ರಾಂ. ಧಾನ್ಯ ಮತ್ತು ಕಾಳುಗಳ ಅಳತೆ ಬೇಯಿಸುವ ಮುನ್ನ ಇರುವ ತೂಕಕ್ಕೆ ಸಂಬಂಧಿಸಿದ್ದು. ತೂಕ ಇಳಿಸುವವರು ಧಾನ್ಯ ಮತ್ತು ಎಣ್ಣೆಯನ್ನು ಇದಕ್ಕಿಂತ ತಗ್ಗಿಸಬಹುದು. ಕಾಳು, ಸೊಪ್ಪು, ತರಕಾರಿ ಮತ್ತು ಮೊಸರನ್ನು ತಗ್ಗಿಸಕೂಡದು.

ಈ ಹೊಂದಾಣಿಕೆಗೆ ಬೇಕಾದುದೆಲ್ಲವೂ ಇಲ್ಲಿನ ಅಡುಗೆಯಲ್ಲಿಯೇ ಇದೆ. ಬೆರಕೆ ಸೊಪ್ಪಿನ ಬಸ್ಸಾರು ಮಾಡುವಾಗ ಬಸಿದ ಸೊಪ್ಪು ಮತ್ತು ಕಾಳಿನ ಪಲ್ಯವನ್ನು ಎರಡು ಪಾಲು ಬಡಿಸಿಕೊಂಡು, ಮುದ್ದೆಯನ್ನು ಒಂದು ಪಾಲು ತಗ್ಗಿಸಿದರೆ ತಟ್ಟೆಯ ಗಾತ್ರ ಬದಲಾಗುವುದಿಲ್ಲ, ಹೊಟ್ಟೆಯೂ ತುಂಬುತ್ತದೆ. ಚಳಿಗಾಲದಲ್ಲಿ ಅವರೆಕಾಯಿ, ಉಳಿದ ಕಾಲದಲ್ಲಿ ಹುರುಳಿ, ಅಲಸಂದೆ, ಹೆಸರುಕಾಳು ಸಸಾರಜನಕ ಒದಗಿಸುತ್ತವೆ. ಮೊಳಕೆ ಕಟ್ಟಿದ ಕಾಳಿನ ಸಾರು ಎಣ್ಣೆ ಕಡಿಮೆ ಇರುವ ಉತ್ತಮ ಆಹಾರ. ಆದರೆ ಹಿತಕಿದ ಬೇಳೆಯನ್ನು ಎಣ್ಣೆಯಲ್ಲಿ ಕರಿದು ಮಾಡುವ ಮಿಕ್ಸ್ಚರ್ ಈ ಸಾಲಿಗೆ ಸೇರುವುದಿಲ್ಲ.

ಹೆದ್ದಾರಿಯ ಹೋಟೆಲುಗಳಲ್ಲಿ ತಿಂಡಿ ತಿನ್ನುವವರಿಗೂ ಆಯ್ಕೆಗಳಿವೆ. ಬಿಡದಿಯಿಂದ ಹೆಸರು ಪಡೆದ ತಟ್ಟೆ ಇಡ್ಲಿ ಹಬೆಯಲ್ಲಿ ಬೆಂದ ಆಹಾರ. ಅದರ ಮೇಲಿನ ಬೆಣ್ಣೆ ಮತ್ತು ಜೊತೆಗೆ ಬರುವ ಕರಿದ ವಡೆಯಿಂದ ಶಕ್ತಿಯ ಲೆಕ್ಕ ಏರುತ್ತದೆ. ಬೆಣ್ಣೆ, ವಡೆ ಬಿಟ್ಟು ಸಾಂಬಾರಿನೊಡನೆ ತಿನ್ನಬಹುದು.

ಹಬ್ಬಗಳ ಬಗ್ಗೆ: ಒಬ್ಬಟ್ಟು, ಕಜ್ಜಾಯ, ಹೊಸತೊಡಕಿನ ಬಾಡೂಟ ಇವುಗಳನ್ನು ಸಂಪೂರ್ಣ ನಿಷೇಧಿಸಿಕೊಳ್ಳುವ ಕ್ರಮ ಹೆಚ್ಚು ದಿನ ನಡೆಯುವುದಿಲ್ಲ. ಹಬ್ಬದ ಒಂದು ದಿನದ ಊಟದಿಂದ ತಿಂಗಳ ಶ್ರಮ ಹಾಳಾಗುವುದಿಲ್ಲ. ಉಳಿದ ಒಬ್ಬಟ್ಟನ್ನು ವಾರವಿಡೀ ತಿನ್ನುವುದರಿಂದ ಹಾಳಾಗುತ್ತದೆ.

7. ನಡಿಗೆ ಮತ್ತು ದೈಹಿಕ ಚಟುವಟಿಕೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ನಡೆಸತಕ್ಕದ್ದು. ವಾರದಲ್ಲಿ ಕನಿಷ್ಠ ಎರಡು ದಿನ ಮಾಂಸಖಂಡಗಳಿಗೆ ಬಲ ನೀಡುವ ವ್ಯಾಯಾಮವನ್ನೂ ಮಾಡಬೇಕು. ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಷ್ಟು ವೇಗದ ನಡಿಗೆ ಮಧ್ಯಮ ಪ್ರಮಾಣದ್ದು.

ಇದನ್ನು ಹತ್ತು ಹದಿನೈದು ನಿಮಿಷಗಳ ಕಂತುಗಳಲ್ಲಿಯೂ ಪೂರೈಸಬಹುದು. ಕಂಪನಿ ಬಸ್ಸಿನಲ್ಲಿ ಬರುವವರು ಒಂದು ನಿಲ್ದಾಣ ಮೊದಲೇ ಇಳಿದು ನಡೆಯಬಹುದು. ನಡಿಗೆಗೆ ಹೆದ್ದಾರಿಯ ಅಂಚನ್ನು ಬಿಟ್ಟು ಊರೊಳಗಿನ ರಸ್ತೆ, ಕೆರೆ ಏರಿ ಅಥವಾ ಶಾಲಾ ಮೈದಾನವನ್ನು ಬಳಸುವುದು ಸುರಕ್ಷಿತ. ಮೊಣಕಾಲು ನೋವು ಇರುವವರು ಸಾವನದುರ್ಗ ಅಥವಾ ಶಿವಗಂಗೆ ಬೆಟ್ಟ ಹತ್ತುವ ಮೂಲಕ ವ್ಯಾಯಾಮ ಆರಂಭಿಸಕೂಡದು. ಸಮತಟ್ಟಾದ ನೆಲದಲ್ಲಿ ನಡೆದು, ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ ಮಾಡುವುದು ಸೂಕ್ತ.

ಮನೆಗೆಲಸ ಮಾಡುವ ಮಹಿಳೆಯರಿಗೆ ಪ್ರತ್ಯೇಕ ನಡಿಗೆ ಬೇಡವೆಂಬ ಅಭಿಪ್ರಾಯವಿದೆ. ನೀರು ಹೊರುವುದು, ಬಟ್ಟೆ ಒಗೆಯುವುದು ಚಟುವಟಿಕೆಯೇ ಸರಿ. ಆದರೆ ಮಿಕ್ಸಿ, ನಲ್ಲಿ, ಗ್ಯಾಸ್ ಬಂದ ನಂತರ ಈ ದುಡಿಮೆ ತಗ್ಗಿರುವ ಮನೆಗಳಲ್ಲಿ ಅವರಿಗೂ ನಡಿಗೆಯ ಅವಧಿ ದೊರೆಯುವಂತೆ ಕುಟುಂಬದವರು ಕೆಲಸ ಹಂಚಿಕೊಳ್ಳತಕ್ಕದ್ದು. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ನಿದ್ರೆಯ ಕೊರತೆಯಿಂದ ಹಸಿವು ಹೆಚ್ಚುತ್ತದೆ. ಹಗಲಿನಲ್ಲಿ ಸುಮಾರು ಏಳು ಗಂಟೆಗಳ ನಿದ್ರೆಯನ್ನು ಕಾಯ್ದುಕೊಳ್ಳುವುದು ಆಹಾರಕ್ರಮದಷ್ಟೇ ಮುಖ್ಯ.

8. ವೈದ್ಯರ ಸಲಹೆ ಇಲ್ಲದೆ ತೂಕ ಇಳಿಸಬಾರದವರು

• ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು. ಬಾಣಂತಿಯರಿಗೆ ಹೆಚ್ಚುವರಿ ಪೋಷಣೆ ಅಗತ್ಯ.
• 18 ವರ್ಷದೊಳಗಿನ ಮಕ್ಕಳು. ಬೆಳೆಯುವ ಮಕ್ಕಳನ್ನು ಅರೆಹೊಟ್ಟೆಯಲ್ಲಿಡದೆ ಆಟ ಹೆಚ್ಚಿಸಿ, ಪ್ಯಾಕೆಟ್ ತಿನಿಸು ತಗ್ಗಿಸಬೇಕು.
• ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು. ಔಷಧಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಊಟದ ಅಳತೆ ಬದಲಿಸುವ ಮುನ್ನ ಔಷಧಿಯ ಪ್ರಮಾಣದ ಬಗ್ಗೆ ವೈದ್ಯರಲ್ಲಿ ವಿಚಾರಿಸತಕ್ಕದ್ದು.
• ಮೂತ್ರಪಿಂಡ, ಯಕೃತ್ತು ಅಥವಾ ಹೃದಯದ ಕಾಯಿಲೆ ಇರುವವರು, ಹಾಗೂ 60 ವರ್ಷ ಮೀರಿದವರು.
• ರಕ್ತಹೀನತೆ ಇರುವವರು. ಮೊದಲು ಹಿಮೋಗ್ಲೋಬಿನ್ ಪರೀಕ್ಷಿಸಿಕೊಂಡು ಚಿಕಿತ್ಸೆ ಪಡೆಯುವುದು ಅಗತ್ಯ.

ವಿಶೇಷ ಎಚ್ಚರಿಕೆ: ಯಾವುದೇ ಪ್ರಯತ್ನವಿಲ್ಲದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡಕೂಡದು. ಕ್ಷಯ, ನಿಯಂತ್ರಣದಲ್ಲಿಲ್ಲದ ಮಧುಮೇಹ, ಥೈರಾಯ್ಡ್ ತೊಂದರೆ ಮತ್ತು ಕ್ಯಾನ್ಸರ್ ಕಾಯಿಲೆಗಳಲ್ಲಿ ಇದು ಮೊದಲ ಲಕ್ಷಣವಾಗಿರಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಅತಿಯಾದ ಬಾಯಾರಿಕೆ ಇದರೊಡನೆ ಇದ್ದಲ್ಲಿ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ತೆರಳತಕ್ಕದ್ದು.

9. ಜಾಹೀರಾತುಗಳ ಬಗ್ಗೆ

ತಿಂಗಳಿಗೆ ಹತ್ತು ಕೆ.ಜಿ. ಇಳಿಸುವುದಾಗಿ ಭರವಸೆ ನೀಡುವ ಪುಡಿ, ಕಷಾಯ, ಬೆಲ್ಟುಗಳ ಜಾಹೀರಾತುಗಳಿಗೆ ಸಾರ್ವಜನಿಕರು ಮರುಳಾಗಬಾರದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮದ ಅನುಸೂಚಿಯಲ್ಲಿ ಬೊಜ್ಜು ಸೇರಿದ್ದು, ಅದನ್ನು ಗುಣಪಡಿಸುವುದಾಗಿ ಸಾರ್ವಜನಿಕರಿಗೆ ಔಷಧಿಯ ಜಾಹೀರಾತು ನೀಡುವುದು ನಿಷಿದ್ಧ. ತೂಕ ಇಳಿಸಲು ಬಳಸುತ್ತಿದ್ದ ಸಿಬುಟ್ರಮೈನ್ ಎಂಬ ಔಷಧಿಯನ್ನು ಹೃದಯದ ಮೇಲಿನ ದುಷ್ಪರಿಣಾಮದ ಕಾರಣ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಗಿದೆ. ಪ್ಯಾಕೆಟ್ ರೂಪದ ಆಹಾರ ಪೂರಕಗಳ ಮೇಲೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರತಕ್ಕದ್ದು. ಆದರೆ ಈ ಸಂಖ್ಯೆ ಇದ್ದ ಮಾತ್ರಕ್ಕೆ ತೂಕ ಇಳಿಯುತ್ತದೆ ಎಂದು ಅರ್ಥವಲ್ಲ.

2025ರಲ್ಲಿ ದೇಶದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಮುಂತಾದ ಚುಚ್ಚುಮದ್ದುಗಳು ವೈದ್ಯರ ಚೀಟಿಯ ಮೇಲೆ, ಅವರ ನಿಗಾದಲ್ಲಿ ಮಾತ್ರ ಬಳಸುವಂತಹವು. ಪರಿಚಿತರಿಂದ ಅಥವಾ ಮೊಬೈಲ್ ಮೂಲಕ ತರಿಸಿಕೊಂಡು ಬಳಸುವುದು ಅಪಾಯಕಾರಿ.

10. ದೊರೆಯುವ ಸರ್ಕಾರಿ ಸೇವೆಗಳು

ಅ) ತಪಾಸಣೆ: 30 ವರ್ಷ ಮೇಲ್ಪಟ್ಟ ಎಲ್ಲರಿಗೂ ರಕ್ತದೊತ್ತಡ, ಮಧುಮೇಹ ಹಾಗೂ ಸಾಮಾನ್ಯ ಕ್ಯಾನ್ಸರ್‌ಗಳ ಉಚಿತ ತಪಾಸಣೆ ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಭ್ಯ. ಇದಕ್ಕೆ ಆದಾಯದ ಮಿತಿ ಇಲ್ಲ.

ಆ) ಮನೆ ಭೇಟಿ: ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ ಮತ್ತು ಕುಟುಂಬದ ಕಾಯಿಲೆಗಳ ವಿವರ ಇರುತ್ತದೆ. ಈ ವಿವರಗಳಿಂದಲೇ ಅಪಾಯದಲ್ಲಿರುವವರನ್ನು ಗುರುತಿಸುವುದರಿಂದ ನಾಗರಿಕರು ಸಂಕೋಚವಿಲ್ಲದೆ ಸರಿಯಾದ ಉತ್ತರ ನೀಡತಕ್ಕದ್ದು. ರಾಜ್ಯದ ಗೃಹ ಆರೋಗ್ಯ ಯೋಜನೆಯು 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಣೆಗೊಂಡಿದೆ.

ಇ) ದೂರ ಸಮಾಲೋಚನೆ: ಇ-ಸಂಜೀವಿನಿ ವ್ಯವಸ್ಥೆಯ ಮೂಲಕ ವೈದ್ಯರೊಡನೆ ಸಮಾಲೋಚಿಸಬಹುದು.

ತೆಗೆದುಕೊಂಡು ಹೋಗಬೇಕಾದವು: ಗುರುತಿನ ಚೀಟಿ, ಹಳೆಯ ಪರೀಕ್ಷಾ ವರದಿಗಳು, ಸೇವಿಸುತ್ತಿರುವ ಔಷಧಿಗಳ ಚೀಟಿ, ಸಾಧ್ಯವಾದಲ್ಲಿ ಒಂದು ವಾರದ ಊಟದ ಪಟ್ಟಿ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆ ಸೇರಿಸಿ ಕುಡಿದರೆ ಕೊಬ್ಬು ಕರಗುವುದೇ?
ಉತ್ತರ: ಇಲ್ಲ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕಿಲೋಕ್ಯಾಲರಿ ಇದೆ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಬಳಸಬಹುದೇ?
ಉತ್ತರ: ತೂಕದ ದೃಷ್ಟಿಯಿಂದ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಪ್ರಮಾಣ ತಗ್ಗಿಸುವುದೇ ಮಾರ್ಗ.

ಪ್ರಶ್ನೆ: ಹುರುಳಿ ತಿಂದರೆ ಬೊಜ್ಜು ಇಳಿಯುವುದೇ?
ಉತ್ತರ: ಹುರುಳಿಯಲ್ಲಿ ಸಸಾರಜನಕ ಮತ್ತು ನಾರು ಹೆಚ್ಚಿರುವುದರಿಂದ ಹಸಿವು ತಡೆಯಲು ಸಹಾಯಕ. ಕೊಬ್ಬು ಕರಗಿಸುವ ಪ್ರತ್ಯೇಕ ಗುಣ ಯಾವ ಆಹಾರಕ್ಕೂ ಇಲ್ಲ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ತೂಕ ನೋಡಬೇಕು?
ಉತ್ತರ: ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ. ದಿನದಿಂದ ದಿನಕ್ಕೆ ಕಾಣುವ ಏರಿಳಿತ ಬಹುಪಾಲು ದೇಹದ ನೀರಿಗೆ ಸಂಬಂಧಿಸಿದ್ದು. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನೂ ಬರೆದಿಡಬೇಕು.

ಪ್ರಶ್ನೆ: ಗುರಿ ತಲುಪಿದ ನಂತರ ಹಳೆಯ ಊಟಕ್ಕೆ ಮರಳಬಹುದೇ?
ಉತ್ತರ: ಹಳೆಯ ಅಳತೆಗೆ ಮರಳಿದರೆ ಹಳೆಯ ತೂಕವೂ ಮರಳುತ್ತದೆ. ಆದ್ದರಿಂದ ಜೀವನಪೂರ್ತಿ ಪಾಲಿಸಲು ಸಾಧ್ಯವಾಗುವ ಬದಲಾವಣೆಗಳನ್ನು ಮಾತ್ರ ಮೊದಲಿನಿಂದಲೇ ಆರಿಸಿಕೊಳ್ಳತಕ್ಕದ್ದು.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ವೈಯಕ್ತಿಕ ಚಿಕಿತ್ಸೆಗೆ ವೈದ್ಯಾಧಿಕಾರಿಗಳ ಸಲಹೆಯೇ ಅಂತಿಮ.